ಖಾಲಿ ಗೆರೆಗೆ ಹೆಸರು ಬರೆದವರು

ನಾರ್ಡ್‌ಬಿ ಊರಿನ ಆರಿನ್ ಸ್ಲೆಟ್ಟೆನ್ ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವನು. ಅಷ್ಟು ವರ್ಷದಲ್ಲಿ ಅವನು ದಾರಿ ತಪ್ಪಿದ್ದು ಎರಡೇ ಸಲ. ಎರಡು ಸಲವೂ ಬಸ್ಸು ಹೋಗಿ ನಿಂತದ್ದು ಸರೋವರದ ನಟ್ಟನಡುವೆ. ಪುಣ್ಯಕ್ಕೆ ಚಳಿಗಾಲ, ನೀರು ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಮಕ್ಕಳು ಇಳಿದು ಜಾರಿಕೊಂಡೇ ಶಾಲೆ ಸೇರಿದರು, ಅದೂ ಗಂಟೆ ಹೊಡೆಯುವ ಮುಂಚೆ.

ಇಂಥವನು ಅರವತ್ತಮೂರನೆಯ ವಯಸ್ಸಿನಲ್ಲಿ, ಪಕ್ಕದೂರಿನ ಕಾಲೇಜು ಸೇರಿ ಸಿನಿಮಾ ಕಲಿಯುತ್ತೇನೆ ಎಂದಾಗ, ಅವನ ಹೆಂಡತಿ ಮಾರ್ಲಿಸ್ ಬಾಣಲೆಯಲ್ಲಿ ಮೊಟ್ಟೆ ಹುರಿಯುತ್ತಿದ್ದಳು. ಆ ಮೊಟ್ಟೆ ಅಲ್ಲೇ ಇದ್ದಿಲಾಯಿತು.

"ಸಿನಿಮಾದಲ್ಲಿ ನೀನೇನ್ ಮಾಡ್ತೀಯ?" ಎಂದಳು.

"ಬರೀತೀನಿ. ನಾನು ಕಥೆಗಾರ."

"ಹೋದ ವರ್ಷ ನಮ್ಮಕ್ಕನಿಗೆ ಒಂದು ಕಾಗದ ಬರೆಯೋಕೆ ಕೂತೋನು, 'ಇಲ್ಲಿ ಚಳಿ' ಅಂತ ಬರೆದು ಎದ್ದುಬಿಟ್ಟೆಯಲ್ಲೋ!"

"ಚಳಿ ಇತ್ತಲ್ಲ?" ಎಂದ ಆರಿನ್. ಮಾರ್ಲಿಸ್ ಇದ್ದಿಲನ್ನು ಕೆರೆದು ಕಸಕ್ಕೆ ಹಾಕಿದಳು. ಚಳಿಯಂತೂ ಇತ್ತು.

ಕಾಲೇಜಿನಲ್ಲಿ ಅವನ ಗುಂಪಿಗೆ ಸಗಲ್ ಎಂಬ ಇಪ್ಪತ್ತರ ಹುಡುಗಿ ಯಜಮಾನಿ. ಸೊಮಾಲಿಯಾದಿಂದ ಬಂದವರ ಮಗಳು, ತಲೆಗೆ ಹಸಿರು ವಸ್ತ್ರ, ಕೈಯಲ್ಲಿ ಸದಾ ಒಂದು ಗಡಿಯಾರ. ಅವಳು ದಿಟ್ಟಿಸಿ ನೋಡಿದರೆ ಕುದಿಯುವ ಕಾಫಿ ಕೂಡ ತಣ್ಣಗಾಗುತ್ತಿತ್ತು. ಗುಂಪಿನವರು ಆರಿನ್‌ನನ್ನು ಸೇರಿಸಿಕೊಂಡದ್ದು ಅವನ ಪ್ರತಿಭೆ ಕಂಡಲ್ಲ, ಅವನ ಹತ್ತಿರ ವ್ಯಾನು ಇತ್ತು.

"ನೋಡಿ ಆರಿನ್," ಎಂದಳು ಸಗಲ್ ಮಂಗಳವಾರ. "ನಮ್ದು ಕಳ್ಳತನದ ಸಿನಿಮಾ. ಏನು ಕದೀತಾರೆ ಅನ್ನೋದು ಗೊತ್ತು, ನಿಮ್ಮೂರಿನ ಆ ಗಾಜಿನ ಪೆಟ್ಟಿಗೆ ಮೀನು. ಆದ್ರೆ ಯಾರು ಕದೀತಾರೆ? ಅವ್ರ ಹೆಸರೇನು? ಸಿನಿಮಾಗೆ ಹೆಸರೇನು? ಮೂರು ವಾರದಿಂದ 'ಯೋಚಿಸ್ತಿದೀನಿ, ಯೋಚಿಸ್ತಿದೀನಿ' ಅಂತೀರಿ."

"ಯೋಚಿಸ್ತಾನೇ ಇದೀನಿ ಕಣಮ್ಮ."

"ಸೋಮವಾರ ಮಧ್ಯಾಹ್ನ ಹನ್ನೆರಡು ಗಂಟೆ. ಆರು ಪಾತ್ರ, ಒಂದು ಹೆಸರು. ಇಲ್ಲಾಂದ್ರೆ ಬರೆಯೋ ಕೆಲಸ ನಾನೇ ಮಾಡ್ಕೋತೀನಿ. ನೀವು ದೀಪ ಹಿಡ್ಕೊಂಡು ನಿಂತ್ಕೊಳ್ಳಿ."

ಆರಿನ್ ಈಗಾಗಲೇ ಅಂಚೆ ಕಚೇರಿಯಲ್ಲಿ, ಕ್ಷೌರದಂಗಡಿಯಲ್ಲಿ, ಹಲ್ಲಿನ ವೈದ್ಯರ ಮುಂದೆ ಬಾಯಿ ತೆರೆದುಕೊಂಡೇ 'ನಾನು ಕಥೆಗಾರ' ಎಂದು ಸಾರಿಬಿಟ್ಟಿದ್ದ. ದೀಪ ಹಿಡಿದು ನಿಂತದ್ದು ಗೊತ್ತಾದರೆ ಮಾರ್ಲಿಸ್ ನಗುತ್ತಾಳೆ. ಮಾರ್ಲಿಸ್ ನಕ್ಕರೆ ನಾಲ್ಕು ಮೈಲಿ ಆಚೆಯ ಹಸುಗಳು ಕಿವಿ ನಿಮಿರಿಸುತ್ತವೆ.

ಕಾಲೇಜಿನ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟಿದ್ದರು. ಪಾತ್ರಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಚುಚ್ಚಿ, ದೂರ ನಿಂತು ನೋಡುತ್ತಿದ್ದರೆ ಅವೇ ಎದ್ದು ಬಂದು ಹೆಸರು ಹೇಳುತ್ತವಂತೆ. ಸರಿ, ಬುಧವಾರ ಮಾರ್ಲಿಸ್ ಚರ್ಚಿನ ನೆಲಮಾಳಿಗೆಗೆ ಕೌದಿ ಹೊಲಿಯಲು ಹೊರಟಾಗ ಆರಿನ್ ಕೂಡ ಹೊರಟ. ಬರೆಯಲು ಹಾಳೆ ಬೇಕಲ್ಲ? ಚರ್ಚಿನ ಅಡಿಗೆ ಮನೆಯಲ್ಲಿ ಗೆರೆ ಹಾಕಿದ ಹಾಳೆಗಳ ಕಂತೆಯೇ ಇತ್ತು. ಚರ್ಚಿನ ಊಟಕ್ಕೆ ಯಾರು ಯಾವ ಕೆಲಸ ಮಾಡುತ್ತಾರೆಂದು ಬರೆದುಕೊಳ್ಳುವ ಹಾಳೆ ಅದು: ತಲೆಯಲ್ಲಿ 'ಕಾರ್ಯಕ್ರಮದ ಹೆಸರು', ಕೆಳಗೆ ಎಡಕ್ಕೆ 'ಕೆಲಸ', ಬಲಕ್ಕೆ 'ನಿಮ್ಮ ಹೆಸರು'. ಅದರಲ್ಲೇ ಒಂದು ಕಿತ್ತುಕೊಂಡು ದುಂಡಗೆ ಬರೆದ:

ಶನಿವಾರ, ಮಧ್ಯಾಹ್ನ ಎರಡು ಗಂಟೆ.
ಮೀನಿನ ಪೆಟ್ಟಿಗೆಯ ಕೀಲಿ ಕೊಡುವವರು.
ಪೊಲೀಸನನ್ನು ಅರ್ಧ ಗಂಟೆ ಮಾತಿನಲ್ಲಿ ಕಟ್ಟಿಹಾಕುವವರು.
ಮೂಲೆಯಲ್ಲಿ ನಿಂತು, ಯಾರಾದರೂ ಬಂದರೆ ಕೆಮ್ಮುವವರು.
ಮೀನನ್ನು ಎತ್ತಿ ಕಂಬಳಿಯಲ್ಲಿ ಸುತ್ತುವವರು.
ವ್ಯಾನು ಓಡಿಸುವವರು.
ಅಡಗಿಸಿಡುವ ಜಾಗ.

ಬಲಗಡೆ ಒಂದೂ ಹೆಸರು ಹೊಳೆಯಲಿಲ್ಲ. ತಲೆಯ ಮೇಲಿನ ಗೆರೆಯೂ ಖಾಲಿ. ಮೇಷ್ಟ್ರು ಹೇಳಿದಂತೆ ಗೋಡೆಯ ಹಲಗೆಗೆ ಚುಚ್ಚಿ, ಹತ್ತು ಹೆಜ್ಜೆ ಹಿಂದೆ ಸರಿದು ದಿಟ್ಟಿಸಿದ. ಹಾಳೆ ಮಾತಾಡಲಿಲ್ಲ. ಅಷ್ಟರಲ್ಲಿ ಅಡಿಗೆ ಮನೆಯಿಂದ ನಿಂಬೆಹಣ್ಣಿನ ಸಿಹಿತುಂಡುಗಳ ವಾಸನೆ ಬಂತು. ಆರಿನ್ ಆ ಕಡೆ ನಡೆದ. ಹನ್ನೊಂದು ತಿಂದ. ಮನೆಗೆ ಹೋದ. ಹಾಳೆ ಅಲ್ಲೇ ಉಳಿಯಿತು.

ಈಗ ನಾರ್ಡ್‌ಬಿಯ ಜನರ ವಿಷಯ ಒಂದು ಮಾತು ಹೇಳಲೇಬೇಕು. ಅವರು ಸಾವನ್ನು ಸಹಿಸಿಯಾರು, ಸೊನ್ನೆಗಿಂತ ನಲವತ್ತು ಕೆಳಗಿನ ಚಳಿಯನ್ನು ಸಹಿಸಿಯಾರು. ಚರ್ಚಿನ ಹಲಗೆಯ ಮೇಲೆ ಖಾಲಿ ಗೆರೆಯನ್ನು ಮಾತ್ರ ಸಹಿಸಲಾರರು. ಖಾಲಿ ಕಂಡರೆ ಹೆಸರು ಬರೆಯುತ್ತಾರೆ. ಹೆಸರು ಬರೆದ ಮೇಲೆ ಮಾಡಿಯೇ ತೀರುತ್ತಾರೆ. ಏಕೆ, ಯಾರಿಗೆ, ಏನು ಎಂದು ಕೇಳುವುದು ಅಲ್ಲಿ ದುರಹಂಕಾರ. ಮಾಡಿದ್ದನ್ನು ಆಮೇಲೆ ಹೇಳಿಕೊಳ್ಳುವುದು ಅದಕ್ಕಿಂತ ದೊಡ್ಡ ದುರಹಂಕಾರ.

ಶನಿವಾರ ಬಂತು. ಒಂದು ಪಾತ್ರವೂ ಹುಟ್ಟಿರಲಿಲ್ಲ. ಮೀನನ್ನಾದರೂ ಕಣ್ಣಾರೆ ನೋಡಿದರೆ ಏನಾದರೂ ಹೊಳೆದೀತೆಂದು ಆರಿನ್ ಎರಡೂವರೆ ಗಂಟೆಗೆ ಪುರಸಭೆಗೆ ಹೋದ.

ಆ ಮೀನೆಂದರೆ ಸಾಮಾನ್ಯದ್ದಲ್ಲ. ಮೇಯರ್ ಲೈಲ್ ಬಕ್ಕೆಯ ಅಪ್ಪ ಆಲ್ವಿನ್ ಬಕ್ಕೆ ಎಪ್ಪತ್ತು ವರ್ಷದ ಹಿಂದೆ ಸರೋವರದಲ್ಲಿ ಹಿಡಿದ ವಾಲೈ ಎಂಬ ಜಾತಿಯ ಮೀನು. ನಾಲ್ಕು ಅಡಿ ಉದ್ದ. ಹೊಟ್ಟೆಗೆ ಹೊಟ್ಟು ತುಂಬಿ, ಬಣ್ಣ ಬಳಿದು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಊರಿನ ಮಕ್ಕಳು 'ಅಮ್ಮ', 'ಅಪ್ಪ' ಎಂದ ಮೇಲೆ ಕಲಿಯುವ ಮೂರನೆಯ ಮಾತು ಆ ಮೀನಿನ ಉದ್ದ. ಬರುವ ಶನಿವಾರ ಅದಕ್ಕೆ ಎಪ್ಪತ್ತರ ಹಬ್ಬ, ಅದೇ ದಿನ ಚರ್ಚಿನಲ್ಲಿ ಕ್ಷಾರದ ನೀರಿನಲ್ಲಿ ನೆನೆಸಿದ ಒಣಮೀನಿನ ಊಟ.

ಆರಿನ್ ಪೆಟ್ಟಿಗೆಯ ಮುಂದೆ ನಿಂತ. ಒಳಗೆ ಎರಡು ಮೊಳೆ, ಒಂದಿಷ್ಟು ಧೂಳು. ಮೀನಿಲ್ಲ.

ಕಣ್ಣುಜ್ಜಿಕೊಂಡ. ಇಲ್ಲ. ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದ. ಇಲ್ಲ. ಅವನ ಬಾಯಿ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚಿತು.

ಬಾಗಿಲಲ್ಲಿ ಪೊಲೀಸ್ ಡ್ವೇನ್ ಕಾಣಿಸಿಕೊಂಡ. ಊರಿಗೆಲ್ಲ ಅವನೊಬ್ಬನೇ ಪೊಲೀಸು. ಮೀಸೆಯಲ್ಲಿ ಸೇಬಿನ ಪೈ ತುಣುಕು.

"ಏನ್ ಆರಿನ್, ಹೇಗಿದೀಯ?"

"ಅ... ಅ... ಮೀ..."

ಡ್ವೇನ್ ತಿರುಗಿ ನೋಡಿದ. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಕಂಡ ಅತಿ ದೊಡ್ಡ ಅಪರಾಧ ಯಾರದೋ ಅಂಗಳದ ಕುಂಬಳಕಾಯಿ ಒಡೆದದ್ದು. ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

"ನಾನು ಅರ್ಧ ಗಂಟೆ ಆಚೆ ಹೋಗಿದ್ದೆ, ಅಷ್ಟೇ! ಅಮ್ಮ ಫೋನ್ ಮಾಡಿ ಪೈ ತಿನ್ನೋಕೆ ಬಾ ಅಂದ್ಲು! ಒಂದಾದ್ಮೇಲೆ ಒಂದು ಹಾಕ್ತಾನೇ ಇದ್ಲು!"

ಮೇಯರ್ ಲೈಲ್ ಬಕ್ಕೆ ಓಡಿ ಬಂದ. ಖಾಲಿ ಪೆಟ್ಟಿಗೆ ಕಂಡವನೇ ನೆಲದ ಮೇಲೆ ಕೂತುಬಿಟ್ಟ. "ನಮ್ಮಪ್ಪನ ಮೀನು! ಚುನಾವಣೆಗೆ ಇನ್ನು ಮೂರು ವಾರ! ಯಾವ ಪಾಪಿ ಕಣ್ರೋ? ಪಕ್ಕದೂರಿನೋರೇ ಇರ್ಬೇಕು! ಗಡಿ ಮುಚ್ಚಿಸಿ!"

"ಯಾವ ಗಡಿ ಲೈಲ್? ನಮ್ಗೂ ಅವ್ರಿಗೂ ಮಧ್ಯ ಒಂದು ಜೋಳದ ಹೊಲ ಇದೆ ಅಷ್ಟೇ," ಎಂದ ಡ್ವೇನ್.

"ಹೊಲಾನೇ ಮುಚ್ಚಿಸು!"

ಗದ್ದಲ ಕೇಳಿ, ಮೂಲೆಯಿಂದ ಪುಸ್ತಕ ಭಂಡಾರದ ಯೂನಿಸ್ ಬಂದಳು. ಕೆಮ್ಮಿಗೆಂದು ಬಾಯಲ್ಲಿ ಚಪ್ಪರಿಸುವ ಗುಳಿಗೆ. "ಯಾಕಿಷ್ಟು ಕೂಗಾಡ್ತೀರಿ? ಮೀನು ತಗೊಂಡ್ ಹೋಗಿದಾರೆ. ಹಾಳೆಯಲ್ಲಿ ಬರೆದಿತ್ತಲ್ಲ."

"ಯಾವ ಹಾಳೆ?" ಎಂದರು ಡ್ವೇನ್ ಮತ್ತು ಮೇಯರ್ ಒಟ್ಟಿಗೆ.

ಆರಿನ್‌ಗೆ ಇದ್ದಕ್ಕಿದ್ದಂತೆ ಹನ್ನೊಂದು ನಿಂಬೆ ಸಿಹಿತುಂಡುಗಳು ನೆನಪಾದವು.

ಚರ್ಚಿನ ನೆಲಮಾಳಿಗೆಗೆ ನಾಲ್ವರೂ ಹೋದರು. ಅಲ್ಲಿ ಮಾರ್ಲಿಸ್ ಮತ್ತು ಪಾದ್ರಿ ಕ್ಯಾರಿನ್ ಕಾಫಿ ಕುಡಿಯುತ್ತ ಕೂತಿದ್ದರು. ಹಲಗೆಯ ಮೇಲೆ ಹಾಳೆ ಹಾಗೇ ಇತ್ತು, ಆದರೆ ಬಲಗಡೆ ತುಂಬಿ ತುಳುಕುತ್ತಿತ್ತು. ಡ್ವೇನ್ ಕನ್ನಡಕ ಹಾಕಿಕೊಂಡ.

"ಪೊಲೀಸನನ್ನು ಅರ್ಧ ಗಂಟೆ ಮಾತಿನಲ್ಲಿ ಕಟ್ಟಿಹಾಕುವವರು," ಎಂದು ಓದಿದ. ಬಲಕ್ಕೆ ಕಣ್ಣು ಹೊರಳಿಸಿದ. "ಅಮ್ಮ!"

"ನಿಮ್ಮಮ್ಮ ಲವಾನ್ ಅವ್ರಿಗೆ ಆ ಕೆಲಸ ಬರುತ್ತೆ ಬಿಡು," ಎಂದಳು ಮಾರ್ಲಿಸ್.

"ನಮ್ಮಮ್ಮ ಕಳ್ಳಿ! ಆ ಮೂರನೇ ತುಂಡು ಕೊಡುವಾಗ್ಲೇ ಅನುಮಾನ ಬರಬೇಕಿತ್ತು. ಹುಟ್ಟಿದಾಗಿಂದ ಅವಳು ನನಗೆ ಎರಡರ ಮೇಲೆ ಕೊಟ್ಟೋಳಲ್ಲ!" ಡ್ವೇನ್‌ನ ಕಣ್ಣಲ್ಲಿ ನೀರು. "ಕೆಮ್ಮುವವರು, ಯೂನಿಸ್."

"ಯಾರೂ ಬರಲಿಲ್ಲ. ಆದ್ರೂ ಹೆಸರು ಕೊಟ್ಟಿದೀನಲ್ಲ ಅಂತ ಎರಡು ಸಲ ಕೆಮ್ಮಿದೆ," ಎಂದಳು ಯೂನಿಸ್.

"ವ್ಯಾನು ಓಡಿಸುವವರು..." ಡ್ವೇನ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದ. "ಪಾದ್ರಿ ಅಮ್ಮನವ್ರೇ! ನೀವೂನಾ? ಹತ್ತು ಆಜ್ಞೆಗಳಲ್ಲಿ ಕದೀಬೇಡ ಅಂತಿಲ್ವಾ?"

ಪಾದ್ರಿ ಕ್ಯಾರಿನ್ ಕಾಫಿ ಬಟ್ಟಲು ಕೆಳಗಿಟ್ಟಳು. "ಹಬ್ಬಕ್ಕೆ ತೊಳೆಯೋಕೆ ಒಯ್ತಿದಾರೆ ಅಂದ್ಕೊಂಡೆ ಡ್ವೇನ್. ಗೆರೆ ಖಾಲಿ ಇತ್ತು. ನಾನು ಪಾದ್ರಿ, ಖಾಲಿ ಗೆರೆ ಬಿಟ್ಟು ಹೋದ್ರೆ ಜನ ಏನಂದಾರು?"

"ಯಾರೇ ಇರ್ಲಿ, ಎಲ್ಲರನ್ನೂ ಒಳಗೆ ಹಾಕು!" ಎಂದು ಮೇಯರ್ ಗುಡುಗಿದ. "ಕೀಲಿ ಯಾರು ಕೊಟ್ರು? ಅವನೇ ಮುಖ್ಯ! ಆ ದ್ರೋಹಿ ಯಾರು, ಓದು!"

ಡ್ವೇನ್ ಓದಲಿಲ್ಲ. ಮೆಲ್ಲಗೆ ಹಾಳೆಯತ್ತ ಬೆರಳು ತೋರಿಸಿದ. ಮೇಯರ್ ಬಗ್ಗಿದ. ಮೊದಲ ಗೆರೆ, ದೊಡ್ಡ ಅಕ್ಷರ, ಕೆಳಗೆರಡು ಸುರುಳಿ: ಲೈಲ್ ಬಕ್ಕೆ.

ಚುನಾವಣೆ ಹತ್ತಿರ ಬಂದಾಗಿನಿಂದ ಮೇಯರ್ ಊರಿನ ಪ್ರತಿ ಹಾಳೆಯ ಮೊದಲ ಗೆರೆಗೂ ಓದದೆ ಹೆಸರು ಬರೆಯುತ್ತಿದ್ದ. ಹಿಂದಿನ ವಾರ ಹೀಗೇ ಹೆಂಗಸರ ಈಜು ತಂಡಕ್ಕೆ ಸೇರಿದ್ದ.

"ಬೆಳಿಗ್ಗೆ ಬಂದು ಕೀಲಿ ಕೇಳಿದೆ, ಕೊಟ್ಟೆಯಲ್ಲ," ಎಂದಳು ಮಾರ್ಲಿಸ್ ತಣ್ಣಗೆ.

ಆರಿನ್ ಮೀನು ಎತ್ತುವವರ ಗೆರೆ ಓದಿದ. "ಮಾರ್ಲಿಸ್! ಮೀನು ಎತ್ತಿದ್ದು..."

"ನಾನೇ. ಸೊಂಟ ಹಿಡ್ಕೊಂಡಿದೆ. ನೀನು ಬರೆದ ಹಾಳೆ, ಒಬ್ಬರೂ ಹೆಸರು ಕೊಟ್ಟಿರಲಿಲ್ಲ. ಗಂಡನ ಮಾನ ಹೋಗುತ್ತಲ್ಲ ಅಂತ ಮೊದಲು ನಾನೇ ಬರೆದೆ. ಆಮೇಲೆ ಎಲ್ಲಾ ಬರೆದ್ರು. ಯಾಕೆ, ತೊಳೆಯೋಕಲ್ವಾ?"

"ಅದು ಸಿನಿಮಾ ಕಣೇ! ನನ್ನ ಪಾತ್ರಗಳು! ಸುಮ್ನೆ ಕಲ್ಪನೆ!"

ಐದು ಜೊತೆ ಕಣ್ಣು ಆರಿನ್‌ನ ಮೇಲೆ. ಡ್ವೇನ್ ಸೊಂಟದಿಂದ ಕೈಕೋಳ ತೆಗೆದ. ಯಾವತ್ತೂ ಬಳಸಿರಲಿಲ್ಲವಾದ್ದರಿಂದ ಅದರ ಮೇಲೆ ಅಂಗಡಿಯ ಬೆಲೆ ಚೀಟಿ ಇನ್ನೂ ಹಾಗೇ ಇತ್ತು.

"ಸೋಮವಾರ ಹನ್ನೆರಡು ಗಂಟೆಗೆ ನನಗೆ ಕಾಲೇಜಿದೆ," ಎಂದ ಆರಿನ್ ಅಳುಬುರುಕನಾಗಿ.

"ಸೋಮವಾರ ನೀನು ಜೈಲಲ್ಲಿರ್ತೀಯ!" ಎಂದ ಮೇಯರ್. "ಮೀನು ಎಲ್ಲಿ ಈಗ? ಅಡಗಿಸಿಡುವ ಜಾಗ ಯಾವ್ದು?"

ಕೊನೆಯ ಗೆರೆಯಲ್ಲಿ ನಡುಗುವ ಕೈಯ ಅಕ್ಷರ: ಗುಡ್ರುನ್ ಟ್ವೈಟ್.

"ಅಯ್ಯೋ ದೇವ್ರೇ!" ಎಂದಳು ಮಾರ್ಲಿಸ್.

ಗುಡ್ರುನ್ ಅಜ್ಜಿಗೆ ಎಂಬತ್ತೊಂಬತ್ತು. ಕಣ್ಣಿಗೆ ಪೊರೆ. ಖಾಲಿ ಗೆರೆ ಎಲ್ಲಿ ಕಂಡರೂ, ತೆರಿಗೆಯವರ ಕಾಗದವಾಗಲಿ ಶುಭಾಶಯ ಪತ್ರವಾಗಲಿ, ತನ್ನ ಹೆಸರು ಬರೆಯುವಾಕೆ. ನಲವತ್ತಾರು ವರ್ಷದಿಂದ ಚರ್ಚಿನ ಊಟದ ಒಣಮೀನನ್ನು ಕ್ಷಾರದ ನೀರಿನಲ್ಲಿ ನೆನೆಹಾಕುವ ಕೆಲಸ ಅವಳದೇ. ಒಣಮೀನೆಂದರೆ ಹಲಗೆಯ ಹಾಗೆ ಗಟ್ಟಿ, ಬಾಗಿಲಿಗೆ ಹೊಡೆದರೆ ಬಾಗಿಲು ಮುರಿಯಬೇಕು. ಪ್ರತಿ ವರ್ಷ ಊಟಕ್ಕೆ ಒಂದು ವಾರವಿರುವಾಗ, ಇದೇ ಶನಿವಾರ, ಪಾದ್ರಿಯ ವ್ಯಾನಿನಲ್ಲಿ, ಕಂಬಳಿಯಲ್ಲಿ ಸುತ್ತಿ, ಅವಳ ಹಿತ್ತಿಲ ಜಗಲಿಗೆ ಬರುತ್ತದೆ.

"ಕ್ಯಾರಿನ್, ಅಜ್ಜಿಗೆ ಏನಂತ ಹೇಳಿ ಕೊಟ್ರಿ?" ಎಂದು ಆರಿನ್ ಕೇಳಿದ.

"ಮಲಗಿದ್ರು. ಜಗಲಿ ಮೇಲಿಟ್ಟು ಬಂದೆ."

ಆರು ಜನ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಿ ಸಿಕ್ಕಿಹಾಕಿಕೊಂಡರು. ಹೇಗೋ ಬಿಡಿಸಿಕೊಂಡು, ಡ್ವೇನ್ ಸಾಕ್ಷಿಗೆಂದು ಕಿತ್ತುಕೊಂಡ ಹಾಳೆಯ ಸಮೇತ ಓಡಿದರು.

ಗುಡ್ರುನ್ ಅಜ್ಜಿಯ ಹಿತ್ತಿಲಲ್ಲಿ ಬಟ್ಟೆ ಒಗೆಯುವಷ್ಟು ದೊಡ್ಡ ತೊಟ್ಟಿ. ಅದರ ವಾಸನೆಗೆ ಮೇಲೆ ಹಾರುತ್ತಿದ್ದ ಕಾಗೆ ದಿಕ್ಕು ಬದಲಿಸಿತು. ಅಜ್ಜಿ ಕೋಲಿನಿಂದ ಕಲಕುತ್ತಿದ್ದಳು.

"ಬಂದ್ರಾ? ಈ ವರ್ಷದ ಮೀನು ಬಲೇ ಮೊಂಡು ಕಣ್ರೋ. ನಾಲ್ಕು ಹಿಡಿ ಕ್ಷಾರ ಜಾಸ್ತಿ ಹಾಕಿದೀನಿ. ಅದರ ಮೈಯಿಂದ ಬಣ್ಣ ಬೇರೆ ಬಿಡ್ತಿದೆ, ಯಾವ ಅಂಗಡಿಯಿಂದ ತಂದ್ರಿ?"

ಮೇಯರ್ ತೊಟ್ಟಿಯ ಅಂಚು ಹಿಡಿದು ಬಗ್ಗಿ ನೋಡಿದ. ನೀರು ಹಸಿರು. ಮೇಲೆ ಮರದ ಹೊಟ್ಟು ತೇಲುತ್ತಿತ್ತು. ಒಂದು ಗಾಜಿನ ಕಣ್ಣು ಅವನನ್ನೇ ನೋಡುತ್ತಿತ್ತು. "ಅಪ್ಪಾ!" ಎಂದು ಚೀರಿದ.

ಡ್ವೇನ್ ತೋಳು ಮಡಚಿ, ಮಾರ್ಲಿಸ್ ಕೊಟ್ಟ ಇಕ್ಕಳದಿಂದ ಮೀನನ್ನು ಎತ್ತಿದ. ಮುಂಭಾಗ ಮಾತ್ರ ಮೇಲೆ ಬಂತು. ಹಿಂಭಾಗ ತೊಟ್ಟಿಯಲ್ಲೇ ಉಳಿಯಿತು.

"ಮುರೀತು," ಎಂದಳು ಯೂನಿಸ್.

"ಮುರೀಲಿಲ್ಲ," ಎಂದಳು ಗುಡ್ರುನ್ ಅಜ್ಜಿ, ಬೆರಳಿನಿಂದ ಸವರಿ ನೋಡುತ್ತ. ಅವಳ ಕಣ್ಣು ಕಾಣದಿದ್ದರೂ ಬೆರಳಿಗೆ ಕಾಣುತ್ತಿತ್ತು. "ಹೊಲಿಗೆ ಬಿಚ್ಕೊಂಡಿದೆ. ಇದು ಎರಡು ಮೀನು ಕಣೋ. ಒಂದರ ತಲೆ, ಇನ್ನೊಂದರ ಬಾಲ. ಮೀನು ಹಿಡಿಯೋ ದಾರದಲ್ಲಿ ಹೊಲಿದಿದಾರೆ. ಹೊಲಿಗೆ ಚೆನ್ನಾಗಿದೆ, ಸಣ್ಣ ಸಣ್ಣ ಹೊಲಿಗೆ. ಆಲ್ವಿನ್ ಹೆಂಡತಿದೇ ಇರ್ಬೇಕು, ನನ್ನ ಜೊತೆ ಕೌದಿ ಹೊಲೀತಿದ್ಲು."

ಎಪ್ಪತ್ತು ವರ್ಷ! ಊರಿನ ಬಾವಿ, ಬಸ್ಸು, ಬೀದಿಫಲಕ, ಮೇಯರನ ಅಂಗಿಯ ಗುಂಡಿ, ಎಲ್ಲದರ ಮೇಲೂ ಆ ಮೀನು. ಅರ್ಧ ಊರು ಆ ಮೀನಿನ ಮೇಲೆ ಆಣೆ ಮಾಡಿ ಮದುವೆಯಾಗಿತ್ತು. ಡ್ವೇನ್‌ನ ಕೈಯಲ್ಲಿದ್ದ ಇಕ್ಕಳ, ಕಂಕುಳಲ್ಲಿದ್ದ ಹಾಳೆ ಎರಡೂ ತೊಟ್ಟಿಗೆ ಬಿದ್ದವು. ಪಾದ್ರಿ ಕ್ಯಾರಿನ್ ಪ್ರಾರ್ಥನೆ ಶುರು ಮಾಡಿ, ಯಾವುದಕ್ಕೆ ಮಾಡಬೇಕೆಂದು ತಿಳಿಯದೆ ನಿಲ್ಲಿಸಿದಳು.

ಮೇಯರ್ ತಲೆಕೆಳಗಾದ ಬಾಲ್ದಿಯ ಮೇಲೆ ಕುಸಿದು ಕೂತ. ಆಮೇಲೆ ಸಣ್ಣ ದನಿಯಲ್ಲಿ, "ದೂರು ವಾಪಸ್ ತಗೋತೀನಿ ಡ್ವೇನ್," ಎಂದ.

"ಆದ್ರೆ ಬರೋ ಶನಿವಾರ ಹಬ್ಬ! ಪೆಟ್ಟಿಗೆ ಖಾಲಿ! ಜನ ಕೇಳಿದ್ರೆ ಏನು ಹೇಳೋದು?" ಎಂದ ಡ್ವೇನ್.

"ಹಾಳೆ ಇದೆಯಾ ಅಜ್ಜಿ?" ಎಂದಳು ಮಾರ್ಲಿಸ್.

ಗುಡ್ರುನ್ ಅಜ್ಜಿಯ ಅಡಿಗೆ ಮನೆಯಲ್ಲೂ ಅದೇ ಗೆರೆ ಹಾಳೆಯ ಕಂತೆ. ಮೇಜಿನ ಸುತ್ತ ಕೂತು ಬರೆದರು. ಎರಡು ಹೊಸ ಮೀನು ಹಿಡಿಯುವವರು: ಡ್ವೇನ್. ಹೊಲಿಯುವವರು: ಗುಡ್ರುನ್ ಟ್ವೈಟ್. ಬಣ್ಣ: ಯೂನಿಸ್. ಮೀನು ಮತ್ತೆ ಹೊರುವವರು: ಮಾರ್ಲಿಸ್, ಸೊಂಟ ಉಜ್ಜಿಕೊಳ್ಳುತ್ತ. ಬಾಯಿ ಮುಚ್ಚಿಕೊಂಡಿರುವವರು: ಎಲ್ಲರೂ. ಕೊನೆಗೆ ಒಂದು ಗೆರೆ ಉಳಿಯಿತು: ಜನ ಕೇಳಿದರೆ ಹೇಳಲು ಕಥೆ ಕಟ್ಟುವವರು.

ಎಲ್ಲರೂ ಆರಿನ್‌ನತ್ತ ತಿರುಗಿದರು.

ಮಾರ್ಲಿಸ್ ಪೆನ್ಸಿಲ್ ಅವನ ಕೈಗಿಟ್ಟಳು. "ಬರಿ. ಕಥೆಗಾರ ಅಂತ ಊರೆಲ್ಲಾ ಹೇಳ್ಕೊಂಡ್ ಬಂದಿದೀಯಲ್ಲ. 'ಇಲ್ಲಿ ಚಳಿ' ಅಂತ ಬರೆದು ಎದ್ದರೆ ನಾವೆಲ್ಲಾ ಹಾಳಾಗಿ ಹೋಗ್ತೀವಿ."

ಆರಿನ್ ಬೆವರಿದ. ಪೆನ್ಸಿಲ್ ಕಚ್ಚಿದ. ಛಾವಣಿ ನೋಡಿದ. ಬಾಯಿಗೆ ಬಂದದ್ದು ಒಂದೇ: "ಮೀನನ್ನ... ಕಾಲೇಜಿನ ಸಿನಿಮಾಗೆ ಕೊಟ್ಟಿದೀವಿ?"

ಮೇಯರ್ ಎದ್ದು ನಿಂತ. "ಯಾರು ಯಾರು ಇದಾರೆ ಅಂತ ಕೇಳಿದ್ರೆ?"

"ನೀವೇ," ಎಂದ ಆರಿನ್. "ಹಾಳೆಯಲ್ಲಿ ಹೆಸರು ಕೊಟ್ಟಿದೀರಲ್ಲ."

ಸೋಮವಾರ ಹನ್ನೆರಡು ಹೊಡೆಯಲು ಒಂದು ನಿಮಿಷವಿತ್ತು. ಸಗಲ್ ಗಡಿಯಾರ ನೋಡುತ್ತ, ಒಂದು ದೊಡ್ಡ ದೀಪವನ್ನು ಆರಿನ್‌ನ ಮುಂದೆ ಮೇಜಿನ ಮೇಲೆ ಇಟ್ಟಿದ್ದಳು.

"ಪಾತ್ರ ಎಲ್ಲಿ ಆರಿನ್? ಹಾಳೆ ಎಲ್ಲಿ?"

"ಹಾಳೆ ಕ್ಷಾರದ ತೊಟ್ಟಿಗೆ ಹೋಯ್ತು."

"ನೆಪ ಕೂಡ ನೆಟ್ಟಗೆ ಹೇಳೋಕೆ ಬರಲ್ವಲ್ಲ ನಿಮಗೆ! ದೀಪ ತಗೊಳ್ಳಿ."

ಬಾಗಿಲು ತೆರೆಯಿತು. ಪಾದ್ರಿ ಕ್ಯಾರಿನ್ ವ್ಯಾನಿನ ಕೀಲಿ ಆಡಿಸುತ್ತ ಬಂದಳು. ಹಿಂದೆ ಲವಾನ್, ತನ್ನನ್ನು ಕಳ್ಳಿ ಎಂದ ಮಗನ ಮೇಲಿನ ಕೋಪದಲ್ಲಿ ಪೈ ತಟ್ಟೆ ಹಿಡಿದು. ಅವಳ ಹಿಂದೆ ಕೆಮ್ಮುತ್ತ ಯೂನಿಸ್. ಸೊಂಟ ಹಿಡಿದು ಮಾರ್ಲಿಸ್. ಗುಂಡಿಯಲ್ಲಿ ಮೀನಿದ್ದ ಅಂಗಿ ತೊಟ್ಟು ಮೇಯರ್. ಕೊನೆಗೆ ಕೋಲೂರಿಕೊಂಡು, ಕ್ಷಾರದ ವಾಸನೆಯನ್ನು ನಾಲ್ಕು ಹೆಜ್ಜೆ ಮುಂದೆ ಕಳಿಸಿ, ಗುಡ್ರುನ್ ಅಜ್ಜಿ.

"ಆರು," ಎಂದ ಆರಿನ್.

ಸಗಲ್ ಬಾಯಿ ತೆರೆದಳು. ಕಾಫಿಯನ್ನೇ ತಣ್ಣಗಾಗಿಸುವ ಹುಡುಗಿ, ಈಗ ತಾನೇ ತಣ್ಣಗಾಗಿ ಕೂತಳು. ಒಬ್ಬೊಬ್ಬರೂ ತಮ್ಮ ತಮ್ಮ ಗೆರೆಯ ಕೆಲಸ ಹೇಳಿದರು. ಪೊಲೀಸನನ್ನು ಪೈ ತಿನ್ನಿಸಿ ಕಟ್ಟಿಹಾಕಿದ ತಾಯಿಯ ಮಾತು ಬಂದಾಗ ಅವಳ ಗಡಿಯಾರ ಕೈಜಾರಿ ಬಿತ್ತು.

"ಇದನ್ನೆಲ್ಲಾ ನೀವು ಕಲ್ಪನೆ ಮಾಡಿದ್ರಾ?"

ಆರಿನ್ ಮೇಯರನ ಮುಖ ನೋಡಿದ. ಮೇಯರ್ ಛಾವಣಿ ನೋಡಿದ.

"ಹೂಂ," ಎಂದ ಆರಿನ್. "ಸುಮ್ನೆ ಕಲ್ಪನೆ."

"ನಂಬೋಕಾಗಲ್ಲ. ಇಂಥ ಜನ ಎಲ್ಲೂ ಇರಲ್ಲ. ಆದ್ರೆ..." ಸಗಲ್ ಸಿನಿಮಾದ ಕೆಲಸಗಳನ್ನು ಪಟ್ಟಿ ಮಾಡಿದ್ದ ಒಂದು ಹೊಸ ಹಾಳೆ ತೆಗೆದಳು. "ಕಥೆ ನೀವೇ ಬರೀರಿ. ಎಲ್ಲರೂ ಹೆಸರು ಹಾಕಿ, ಆಮೇಲೆ ಸಿನಿಮಾ ಹೆಸರು ಹೇಳಿ."

ಹಾಳೆ ಕೈಯಿಂದ ಕೈಗೆ ಹೋಯಿತು. ಮೇಯರ್ ಎಂದಿನಂತೆ ಮೊದಲ ಗೆರೆ ಹಿಡಿದು, ಓದದೆ, ಎರಡು ಸುರುಳಿ ಹಾಕಿ ಬರೆದ. ಕೊನೆಗೆ ಹಾಳೆ ಗುಡ್ರುನ್ ಅಜ್ಜಿಗೆ ಬಂತು. ಅವಳು ಬೆರಳಿನಿಂದ ಮೇಲಿಂದ ಕೆಳಗೆ ತಡವಿದಳು. ತಲೆಯ ಮೇಲೊಂದು ಗೆರೆ ಖಾಲಿ. ಖಾಲಿ ಬಿಡುವುದುಂಟೆ? ನಡುಗುವ ಕೈಯಲ್ಲಿ, ಆ ತುದಿಯಿಂದ ಈ ತುದಿಗೆ ಬರೆದು, ಕೆಳಗೊಂದು ಗೆರೆ ಎಳೆದಳು.

ಸಗಲ್ ತಿರುಗಿಸಿಕೊಂಡು ಓದಿದಳು. ಸಿನಿಮಾದ ಹೆಸರು: ಗುಡ್ರುನ್ ಟ್ವೈಟ್.

"ಆರಿನ್," ಎಂದಳು. "ಇದೇ ಇರ್ಲಿ. ಇದಕ್ಕಿಂತ ಒಳ್ಳೇದು ನನಗೆ ಹೊಳೆಯಲ್ಲ." ಆಮೇಲೆ 'ದೀಪ ಹಿಡಿಯುವವರು' ಎಂದಿದ್ದ ಮೊದಲ ಗೆರೆಗೆ ಕಣ್ಣು ಹಾಯಿಸಿ, ಮೇಜಿನ ಮೇಲಿದ್ದ ದೊಡ್ಡ ದೀಪವನ್ನು ಎರಡೂ ಕೈಯಲ್ಲಿ ಎತ್ತಿ ಮೇಯರ್ ಲೈಲ್ ಬಕ್ಕೆಯ ಮಡಿಲಲ್ಲಿಟ್ಟಳು.

"ಇದ್ಯಾಕಮ್ಮ ನನಗೆ?" ಎಂದು ಮೇಯರ್ ಬೆಚ್ಚಿಬಿದ್ದ.

"ಹೆಸರು ಕೊಟ್ಟಿದೀರಲ್ಲ," ಎಂದಳು ಸಗಲ್.

ಮಾರ್ಲಿಸ್ ನಕ್ಕಳು. ನಾಲ್ಕು ಮೈಲಿ ಆಚೆಯ ಹಸುಗಳು ಕಿವಿ ನಿಮಿರಿಸಿದವು.